ಮಣ್ಣಿಗೂ ಉಡಿ ತುಂಬಿದರು

ಮಣ್ಣೊಳಗಿನ ಸೂಕ್ಷ್ಮಜೀವಿಗಳು ರೋಗ ಕೊಲ್ಲುವ ಮದ್ದು ಮಾಡುತ್ತವೆಂಬ ಸುದ್ದಿ ಹೊಸದಾಗಿ ಬಂದ ಕಾಲ. ಅಂಥ ಮಣ್ಣು ಹುಡುಕುತ್ತ ಅಮ್ಮಿನಬಾವಿ ಎಂಬ ಹಳ್ಳಿಗೆ ಹೋಗಿದ್ದೆ. ಮಳೆ ನಿಂತ ಕಪ್ಪು ಎರಿಹೊಲದ ವಾಸನೆಗೆ ಕಣ್ಣುಗಳು ತಾವಾಗಿಯೇ ಮುಚ್ಚುತ್ತಿದ್ದವು. ಹೊಲದೊಡತಿ ಅಜ್ಜಿಯ ಹತ್ತಿರ ಒಂದು ಹಿಡಿ ಮಣ್ಣು ಕೇಳಿದೆ.

"ಭೂಮ್ತಾಯಿ ನಿಮ್ಮ ಜೋಡಿ ಹೊಂಟಾಳ. ಬರೇ ಹೆಂಗ ಕಳಸೂದ್ರಿ?" ಎನ್ನುತ್ತ ಅಜ್ಜಿ ಚೀಲದ ಮಣ್ಣಿಗೆ ಅಕ್ಕಿ, ಅರಿಷಿಣ ಹಾಕಿ, ತವರಿಂದ ಹೊರಟ ಮಗಳ ಮಡಿಲಿಗೆ ತುಂಬುವಂತೆ ಉಡಿ ತುಂಬಿಯೇಬಿಟ್ಟಳು.

ಧಾರವಾಡದ ನಮ್ಮ ಪ್ರಯೋಗಾಲಯಕ್ಕೆ ಬಂದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ರೋಗಾಣುಗಳ ಮೇಲೆ ಆ ಮಣ್ಣು ಉದುರಿಸಿದೆ. ಕೆಲವು ದಿನಗಳಲ್ಲಿ ಒಂದು ಕಣದ ಸುತ್ತ ರೋಗಾಣುಗಳು ಸತ್ತು, ಚಂದ್ರನ ಸುತ್ತಲಿನ ಬಳೆಯಂಥ ತಿಳಿ ಉಂಗುರ ಮೂಡಿತು. ಮೈಮರೆತು ನೋಡುತ್ತ ಕೂತೆ.

"ಕೊಂದದ್ದು ಮಣ್ಣೋ, ಅರಿಷಿಣಾನೋ?" ಎಂದರು ಪ್ರಯೋಗಾಲಯದ ಸಾಹೇಬರು.

ಮತ್ತೆ ಹೋಗಿ, "ಅರಿಷಿಣ ಬ್ಯಾಡ ಯವ್ವಾ, ಅದೂ ರೋಗ ಕೊಲ್ಲತೈತಿ" ಎಂದು ಕೈಮುಗಿದೆ. ಅಜ್ಜಿ ಒಪ್ಪಿದಳು. ಚೀಲ ಕೈಗಿಡುತ್ತ ಅಂದಳು: "ಅರಿಷಿಣ ಹಾಕಿಲ್ರಿ. ಬೇವಿನ ಎಲಿ ಹಾಕೇನಿ."