ಎಡಿ ಸಿಗದ ದೊಡ್ಡಪ್ಪ

ನಮ್ಮ ಮನ್ಯಾಗ ಸತ್ತವರಿಗೂ ಪಂಕ್ತಿಭೇದ ಐತಿ. ಮಹಾನವಮಿ ಅಮಾಸಿ ದಿನ ಹಿರೇರ ಪೂಜಿ. ಹೊಸ ಧೋತರ, ಸೀರಿ ಇಟ್ಟು, ಸತ್ತ ಹಿರೇರಿಗೆಲ್ಲಾ ಒಂದೊಂದು ಬಾಳಿ ಎಲಿ ಹಾಕಿ, ಬದುಕಿದ್ದಾಗ ಅವರಿಗೆ ಏನು ಸೇರ್ತಿತ್ತೋ ಅದನ್ನ ಬಡಸ್ತೀವಿ. ಅದಕ್ಕ ಎಡಿ ಅಂತಾರ. ಆಯಿಗೆ ನಶ್ಯ, ಅಜ್ಜಗ ಬೀಡಿ ಕಟ್ಟು. ಮೊದಲನೇ ಎಡಿ ಮಾತ್ರ ಮುತ್ತಜ್ಜಂದು, ಯಾಕಂದ್ರ ಅಂವ ಚಿರತಿ ಕೂಡ ಗುದ್ದಾಡಿ ಸತ್ತ ಶೂರ. ಹಂಗಂತ ಅಪ್ಪ ವರ್ಷಾ ಹೇಳ್ತಾನ, ವರ್ಷಾ ಚಿರತಿ ಸ್ವಲ್ಪ ದೊಡ್ಡದಾಗ್ತೈತಿ.

ಎಡಿನ ಇಲ್ಲದಾಂವ ಅಂದ್ರ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಹರೇದಾಗ ಅಜ್ಜನ ಕೂಡ ಜಗಳಾಡಿ, ಯಲಬುರ್ಗಾ ಕಡೆಯ ನಮ್ಮೂರು ಬಿಟ್ಟು ಮುನಿರಾಬಾದಿಗೆ ಹೋಗಿ ಕಾಲುವಿ ಕೆಲಸಕ್ಕ ನಿಂತ. ಸ್ವಲ್ಪ ದಿನಕ್ಕ, ಹುಡುಗ ಕಾಲುವಿ ಪಾಲಾದ, ಅಲ್ಲೇ ಮಣ್ಣು ಮಾಡ್ಯಾರ ಅಂತ ಸುದ್ದಿ ಬಂತು. ಸಿಟ್ಟಿಗೆ ತಾನ ಹಾರ್ಯಾನ ಅಂತ ಅಜ್ಜ ಮನ್ಯಾಗ ಕುಂತಲ್ಲೇ ತೀರ್ಮಾನ ಮಾಡಿಬಿಟ್ಟ. ಹೋಗಿ ವಿಚಾರಿಸಲೇ ಇಲ್ಲ. ತಾನಾಗಿ ಜೀವಾ ಕಳಕೊಂಡವರಿಗೆ ನಮ್ಮ ಮನ್ಯಾಗ ಎಡಿ ಇಲ್ಲ, ಮಾತು ಮುಗೀತು.

ಮುಗೀಲಿಲ್ಲ ಅಂದಾಕಿ ಒಬ್ಬಾಕಿ. ದೊಡ್ಡಪ್ಪನ ತಂಗಿ, ಕುಷ್ಟಗಿಗೆ ಕೊಟ್ಟ ನಮ್ಮತ್ತಿ. ಎಂಬತ್ತು ದಾಟ್ಯಾಳ. ತವರಮನಿ ಸತ್ತವರಿಗೆ ಗಂಡನ ಮನ್ಯಾಗ ಎಡಿ ಇಡಾಕ ಬರೂದಿಲ್ಲ, ಇಟ್ರ ನಮ್ಮಲ್ಲೇ ಇಡಬೇಕು. ಅದಕ್ಕ ಅಮಾಸಿಗೆ ಬಸ್ ಹತ್ತಿ ಬರ್ತಾಳ, ಅಣ್ಣಗೊಂದು ಎಲಿ ಹಾಕ್ಲೇನೋ ಅಂತ ಅಪ್ಪನ್ನ ಕೇಳ್ತಾಳ, ಅಪ್ಪ ಬ್ಯಾಡ ಅಂತಾನ. ಹ್ವಾದ ವರ್ಷ ಕೇಳಲೇ ಇಲ್ಲ. ತಾನ ಒಂದು ಎಲಿ ಹಾಕಿ ಹೋಳಿಗಿ ಇಟ್ಳು. ಅಪ್ಪ ಬಂದಾಂವನ ಆ ಎಲಿ ಎತ್ತಿ ಎಮ್ಮಿಗೆ ಹಾಕಿದ. ಅತ್ತಿ ಅವತ್ತು ಉಣಲಿಲ್ಲ. ‘ನಾ ಸಾಯೂದ್ರಾಗ ಅಂವಂಗ ಒಂದು ತುತ್ತು ಉಣಿಸಬೇಕೋ ತಮ್ಮಾ’ ಅಂತ ನನ್ನ ಮುಂದ ಕಣ್ಣೀರು ಹಾಕಿದ್ಳು.

ನನಗ ಮೈಯೆಲ್ಲಾ ಉರದು ಹೋತು. ಎಮ್ಮಿಗೆ ಸಿಗೂ ಹೋಳಿಗಿ ಒಡಹುಟ್ಟಿದಾಂವಗ ಇಲ್ಲ ಅಂದ್ರ ಏನು ನ್ಯಾಯ?

ನಾ ಕೊಪ್ಪಳದಾಗ ನೌಕರಿ ಮಾಡಾಂವ. ನಮ್ಮ ಓಣ್ಯಾಗ ಮುಪ್ಪಿನ ವಕೀಲ್ರು ಒಬ್ಬರು ಹಳೇ ಪತ್ರಿಕಿ ಬೈಂಡ್ ಮಾಡಿಸಿ ಮಾಳಿಗಿ ತುಂಬಾ ಇಟ್ಟಾರ. ಆಗಿನ ಕಾಲದಾಗ ಯಾರರ ಅಚಾನಕ್ ಸತ್ರ, ಪೊಲೀಸರು ಊರ ಪಂಚರನ್ನ ನಿಲ್ಲಿಸಿ ಪಂಚನಾಮಿ ಮಾಡಿದ್ದು, ಸಾವು ಹೆಂಗಾತು ಅಂತ ಪಂಚರು ಹೇಳಿದ್ದು, ಎಲ್ಲಾ ಪತ್ರಿಕ್ಯಾಗ ಬರ್ತಿತ್ತಂತ. ನಮ್ಮ ದೊಡ್ಡಪ್ಪಂದು ಹುಡುಕ್ಲೇನ್ರಿ ಅಂತ ಕೇಳಿದ್ರ, ‘ನೋಡ್ಕೋರಿ, ಇಲಿಗೆ ಹೆದರಬ್ಯಾಡ್ರಿ’ ಅಂದ್ರು. ಸೂಟಿ ದಿನ ಎಲ್ಲಾ ಅಲ್ಲೇ ಕುಂತು ಧೂಳು ಕುಡದೆ. ಗಂಗಾವತಿ ಕಡೆ ಒಬ್ಬನ ಮ್ಯಾಲ ಭತ್ತದ ಚೀಲ ಬಿದ್ದಾವ, ಇನ್ನೊಬ್ಬ ಮಂದಿ ಗಿಡದಾಗಿನ ಮಾವಿನಕಾಯಿ ಕದಿಯಾಕ ಹೋಗಿ ಬಿದ್ದಾನ. ಓದಿದಂಗ ನಗಿನೂ ಬರ್ತಿತ್ತು, ನಕ್ಕದ್ದಕ್ಕ ನಾಚಿಕಿನೂ ಬರ್ತಿತ್ತು.

ಮೊದಲ ಸಿಕ್ಕಾಂವ ಮುತ್ತಜ್ಜ. ಚಿರತಿ ಇಲ್ಲ, ಚಿರತಿ ಬಾಲಾನೂ ಇಲ್ಲ. ಶೇಂದಿ ಕುಡದು ಬಂಡ್ಯಾಗ ಮಲಗಿದಾಂವ ಉರುಳಿ ಬಿದ್ದು ತನ್ನ ಬಂಡಿ ಗಾಲಿಗೆ ತಾನ ಸಿಕ್ಕಾನ. ಎತ್ತುಗಳದು ಏನೂ ತಪ್ಪಿಲ್ಲ ಅಂತ ಪಂಚರು ಹೇಳ್ಯಾರ. ಮಾಳಿಗ್ಯಾಗ ಒಬ್ಬನ ಹೊಟ್ಟಿ ಹಿಡ್ಕೊಂಡು ನಕ್ಕೆ.

ಮುಂದ ಮಳಿಗಾಲ ಮುಗಿಯೂ ಹೊತ್ತಿಗೆ ದೊಡ್ಡಪ್ಪ ಸಿಕ್ಕ. ನಮ್ಮೂರ ಹೆಸರು, ಅಜ್ಜನ ಹೆಸರು, ಎಲ್ಲಾ ಬರೋಬ್ಬರಿ ಇತ್ತು. ಅದನ್ನ ಓದಿ ನಗಿ ಬರಲಿಲ್ಲ. ಫೋಟೋ ಹೊಡ್ಕೊಂಡು ಸುಮ್ನ ಮನಿಗೆ ಬಂದೆ.

ಅಮಾಸಿ ದಿನ ಎಲಿ ಹಾಕೂ ಹೊತ್ತಿಗೆ ಮೊಬೈಲ್ ತಗದೆ. ಮೊದಲ ಮುತ್ತಜ್ಜಂದು ಓದಿದೆ.

‘ಪತ್ರಿಕ್ಯಾವ್ರಿಗೆ ಸುಳ್ಳು ಬರಿಯೂದ ಕೆಲಸ’ ಅಂದ ಅಪ್ಪ.

‘ಹಂಗಾದ್ರ ಚಿರತಿನ ಸಾಕ್ಷಿಗೆ ಕರಸಪ’ ಅಂದೆ.

ಅತ್ತಿ ಸೆರಗು ಬಾಯಿಗೆ ಹಿಡ್ಕೊಂಡು ನಕ್ಕಳು. ಆಮ್ಯಾಲ ದೊಡ್ಡಪ್ಪಂದು ಓದಿದೆ. ಮಧ್ಯಾಹ್ನ ಉಣಾಕ ಕಾಲುವಿ ದಂಡಿಗೆ ಕುಂತಿದ್ದ. ಬುತ್ತಿ ಗಂಟು ಉರುಳಿ ನೀರಿಗೆ ಬಿತ್ತು. ಹಿಡಿಯಾಕ ಬಗ್ಗಿದಾಂವ ಪಾಚಿ ಮ್ಯಾಲ ಜಾರಿದ. ಜೋಡಿ ಕುಂತ ಕೂಲಿಯವರು ಕಣ್ಣಾರೆ ಕಂಡು ಹೇಳ್ಯಾರ. ಅಕಸ್ಮಾತ್ ಮರಣ ಅಂತ ಪಂಚರ ಅಭಿಪ್ರಾಯ. ಹೆಣ ತಗದಾಗ ಗಂಟು ಕೈಯಾಗ ಇತ್ತು.

ಅಪ್ಪ ಮೊಬೈಲ್ ಕಸ್ಕೊಂಡು ತಾನ ಓದಿದ. ಮತ್ತ ಓದಿದ. ಅತ್ತಿ ಅಳಲಿಲ್ಲ.

‘ಬುತ್ತಿ ಬಿಚ್ಚಿದ್ನಂತೇನೋ?’ ಅಂತ ನನ್ನ ಕೇಳಿದ್ಳು.

‘ಇಲ್ಲತ್ತಿ. ಕಟ್ಟಿದ್ದು ಕಟ್ಟಿದಂಗ ಇತ್ತಂತ.’

‘ಅಂದ್ರ ಉಂಡಿಲ್ಲ.’ ಅಪ್ಪನ ಕಡೆ ತಿರುಗಿದ್ಳು. ‘ರೊಟ್ಟಿ ಹಿಂದ ಹೋಗಿ ಸತ್ತಾನೋ ಅಂವ. ಹಸದು ಸತ್ತಾನ. ಅಂಥಾವನ ಎಲಿ ಎಮ್ಮಿಗೆ ಹಾಕಿದಿಯಲ್ಲೋ ನೀ.’

ಅಪ್ಪ ಎದ್ದು ಮುತ್ತಜ್ಜನ ಎಲಿ ಬಾಜೂಕ ಸರಿಸಿ, ಆ ಜಾಗಾದಾಗ ಹೊಸಾ ಎಲಿ ಹಾಕಿದ. ಅಡಗಿ ಮನ್ಯಾಗಿಂದ ಜ್ವಾಳದ ರೊಟ್ಟಿ ಬುಟ್ಟಿನ ಹೊತ್ಕೊಂಡು ಬಂದ. ಒಂದು ರೊಟ್ಟಿ ಇಟ್ಟ. ಅತ್ತಿ ‘ಇನ್ನೊಂದು ಇಡು’ ಅಂದ್ಳು. ಇಟ್ಟ. ‘ಇನ್ನೊಂದು’ ಅಂದ್ಳು. ಅಪ್ಪ ಇಡ್ಕೋತ ಹ್ವಾದ. ಸಾಕು ಅಂತ ಯಾರೂ ಅನಲಿಲ್ಲ.