ಬೀಗಿತ್ತಿಯ ಸುಣ್ಣ ಮತ್ತು ನಮ್ಮ ಪಿಕಪ್

ಆ ದಿನ ಬೆಳಗ್ಗೆ ನಾನು ಮಾಡಿದ ಕೆಲಸಗಳು ಇವು: ಬಚ್ಚಲ ಒಲೆಗೆ ಬೆಂಕಿ ಹಾಕಿದ್ದು. ದನಕ್ಕೆ ತೌಡಿನ ನೀರು ಕೊಟ್ಟು ಹಾಲು ಕರೆದದ್ದು. ನೀರುದೋಸೆಗೆ ಅರೆದದ್ದು. ರಾತ್ರಿಯ ಸಾರಿಗೆಂದು ಹುರುಳಿ ನೆನೆಹಾಕಿದ್ದು. ಅಂಗಳ ಗುಡಿಸುವಾಗ ಸಿಕ್ಕಿದ ಮೂರು ನಟ್ಟುಗಳನ್ನು ತೊಳೆದು ಕಿಟಕಿಯಲ್ಲಿ ಇಟ್ಟದ್ದು. ಹತ್ತಿಯ ಹಾಸಿಗೆಯೊಂದನ್ನು ನಾಲ್ಕು ಮಡಿಕೆ ಮಾಡಿ ಪಿಕಪ್ಪಿನ ಸೀಟಿನ ಮೇಲೆ ಹಾಸಿದ್ದು. ಕಡೆಗೆ ತುಪ್ಪದ ದೊಡ್ಡ ಡಬ್ಬಿಯನ್ನು ಹುಡುಕಿ, ಅದಕ್ಕೇನಾಯಿತೆಂದು ನೆನಪಾಗಿ, ಹುಡುಕುವುದನ್ನು ಬಿಟ್ಟದ್ದು.

ಅರವತ್ತನೇ ಇಸವಿ ಕಳೆದು ಎರಡೋ ಮೂರೋ ವರ್ಷ ಆಗಿರಬೇಕು. ನಮ್ಮ ಯಜಮಾನರಿಗೆ ಬಂಟ್ವಾಳದ ಮಿಲ್ಲಿನಿಂದ ಬೆಳ್ತಂಗಡಿ, ಮೂಡಬಿದಿರೆಯ ಅಂಗಡಿಗಳಿಗೆ ಕುಚ್ಚಲಕ್ಕಿ ಸಾಗಿಸುವ ಕೆಲಸ. ಅದಕ್ಕೊಂದು ಪಿಕಪ್ ಇತ್ತು. ಯುದ್ಧ ಕಾಲದ ಗಾಡಿಯಂತೆ. ಮಿಲಿಟರಿಯವರು ಓಡಿಸಿ, ಎಸ್ಟೇಟಿನವರು ಓಡಿಸಿ, ಕಟ್ಟಿಗೆಯವರು ಓಡಿಸಿ, ಇನ್ನು ಯಾರಿಂದಲೂ ಆಗದು ಎಂದ ಮೇಲೆ ನಮ್ಮ ಅಂಗಳಕ್ಕೆ ಬಂದದ್ದು. ಇವರಿಗೆ ನನ್ನ ಮೇಲಿನದಕ್ಕಿಂತಲೂ ಅದರ ಮೇಲೆ ಒಂದು ತೂಕ ಹೆಚ್ಚು ಪ್ರೀತಿ. ನನ್ನನ್ನು ರಿಪೇರಿ ಮಾಡುವ ಅವಕಾಶ ಸಿಕ್ಕದಿರುವುದೇ ಅದಕ್ಕೆ ಕಾರಣವೆಂದು ನನ್ನ ಅಂದಾಜು.

ನಮ್ಮ ಒಬ್ಬಳೇ ಮಗಳನ್ನು ಬೆಳ್ತಂಗಡಿಗೆ ಕೊಟ್ಟಿದ್ದೆವು. ಮದುವೆಯ ಮರುವಾರ ಬೀಗಿತ್ತಿ, ಅಂದರೆ ಮಗಳ ಅತ್ತೆ, ನಮ್ಮಲ್ಲಿಗೆ ಸಮ್ಮಾನದ ಊಟಕ್ಕೆ ಬಂದಿದ್ದರು. ಊಟವಾದ ಮೇಲೆ ಇವರು ಅವರನ್ನು ಪಿಕಪ್ಪಿನಲ್ಲಿ ಬಿಟ್ಟುಬರಲು ಹೋದರು. ಪುಂಜಾಲಕಟ್ಟೆ ದಾಟುವಾಗ ಗಾಡಿ ಹಾರಿ, ಅವರ ತಲೆ ಗಾಡಿಯ ಮಾಡಿನ ತಗಡಿಗೆ ಬಡಿದು, ಮಡಿಲಲ್ಲಿದ್ದ ಹಿತ್ತಾಳೆಯ ಎಲೆಪೆಟ್ಟಿಗೆ ಕೆಳಗೆ ಬಿದ್ದು ಒಂದು ಮೂಲೆ ಜಜ್ಜಿಹೋಯಿತು. ಆ ಮೇಲೆ ಆ ಪೆಟ್ಟಿಗೆಯನ್ನು ಅವರು ಚಾವಡಿಯಲ್ಲಿ ಇಡುತ್ತಿದ್ದದ್ದು ಜಜ್ಜಿದ ಮೂಲೆ ಬಂದವರ ಕಡೆಗೆ ತಿರುಗಿರುವ ಹಾಗೆ.

ಮಗಳು ಬಸುರಾಗಿ ಐದು ತಿಂಗಳಾದಾಗ ಬಯಕೆಯ ದಿನ ಗೊತ್ತು ಮಾಡಲು ನಾವಿಬ್ಬರೂ ಹೋದೆವು. ಏಳನೇ ತಿಂಗಳಲ್ಲಿ ತವರಿನ ಹೆಂಗಸರು ಐದು ಮಂದಿ ಹೋಗಿ, ಬಯಕೆಯ ಊಟ ಬಡಿಸಿ, ಬಸುರಿಯನ್ನು ಹೆರಿಗೆಗೆ ಕರೆತರುವುದು ನಮ್ಮಲ್ಲಿಯ ಕ್ರಮ. ಬೀಗಿತ್ತಿ ಎಲೆಪೆಟ್ಟಿಗೆಯನ್ನು ನಮ್ಮ ಮುಂದೆ ಸರಿಸಿದರು.

“ಆ ಗಾಡಿಯಲ್ಲಿ ಸೊಸೆಯನ್ನು ಕಳಿಸುವುದಾ? ಎಂತ ಮಾತು ಅಕ್ಕ! ನನ್ನ ತಲೆ ಹೋಗಿ ಮಾಡಿಗೆ ಬಡಿದದ್ದು. ಅವಳ ಹೊಟ್ಟೆಯಲ್ಲಿ ಉಂಟಲ್ಲ ಒಂದು, ಅದು ಹೋಗಿ ಯಾವುದಕ್ಕೆ ಬಡಿಯಬೇಕು?”

ಬಾಡಿಗೆ ಕಾರು ತರುತ್ತೇವೆ ಎಂದು ನಾನು ಬಾಯಿ ತೆರೆಯುವುದರೊಳಗೆ ಇವರು ಎದೆ ಮುಂದೆ ಮಾಡಿದರು. “ಸ್ವಂತ ಗಾಡಿ ಇಟ್ಟುಕೊಂಡು ಬಾಡಿಗೆ ಕಾರು ಯಾಕೆ ಅಕ್ಕ? ಒಂದು ತಿಂಗಳು ಕೊಡಿ. ಗಾಡಿ ಸರಿ ಮಾಡ್ತೇನೆ. ಮತ್ತೆ ನೀವೇ ಕೂತು ನೋಡಿ.”

“ಆಗಲಿ,” ಎಂದರು ಬೀಗಿತ್ತಿ. “ಕೂತು ಎಲೆಗೆ ಸುಣ್ಣ ಹಚ್ತೇನೆ. ನೆಟ್ಟಗೆ ಹಚ್ಚಲಿಕ್ಕೆ ಆದ್ರೆ ಸೊಸೆಯನ್ನು ಕಳಿಸ್ತೇನೆ. ಆಗದಿದ್ರೆ ಹೆರಿಗೆ ಇಲ್ಲಿಯೇ. ನಮ್ಮಲ್ಲಿಯೂ ಬಿಸಿನೀರು ಉಂಟು.”

ಒಳಗೆ ಮಗಳು ನನ್ನ ಸೆರಗು ಹಿಡಿದಳು. “ಅಮ್ಮ, ನಂಗೆ ನಿನ್ನತ್ರವೇ ಬರಬೇಕು. ಇಲ್ಲಿ ಬಾಣಂತಿಗೆ ನಲ್ವತ್ತು ದಿನ ಮೀನಿನ ವಾಸನೆ ಸಹ ತೋರಿಸುವುದಿಲ್ಲವಂತೆ.” ಅವಳು ನಗುತ್ತಲೇ ಹೇಳಿದ್ದು. ಆದರೆ ಸೆರಗು ಬಿಟ್ಟಿರಲಿಲ್ಲ. ಮೊದಲ ಹೆರಿಗೆಗೆ ಮಗಳು ಪಕ್ಕದಲ್ಲಿ ಇರಬೇಕೆಂದು ಮದುವೆಯ ದಿನದಿಂದಲೇ ಅಟ್ಟದಲ್ಲಿ ಹಳೆಯ ಸೀರೆಗಳನ್ನು ಒಗೆದು ಗಂಟು ಕಟ್ಟಿ ಇಟ್ಟವಳು ನಾನು. ಆ ಗಂಟಿನ ಗತಿ ಈಗ ಬೀಗಿತ್ತಿಯ ಬೆರಳ ತುದಿಯ ಸುಣ್ಣಕ್ಕೆ ಬಂದು ನಿಂತಿತು.

ಮರುದಿನದಿಂದ ನಮ್ಮ ಅಂಗಳ ಅಂಗಳವಾಗಿ ಉಳಿಯಲಿಲ್ಲ. ಇವರು ಮೊದಲು ಹಿಡಿದದ್ದು ಸ್ಪ್ರಿಂಗನ್ನು. ಹಿಂದಿನ ಚಕ್ರಗಳ ಮೇಲೆ, ಒಂದರ ಕೆಳಗೊಂದು ಉಕ್ಕಿನ ಉದ್ದ ಪ್ಲೇಟುಗಳು, ಬಾಳೆಎಲೆಯ ಕಟ್ಟಿನ ಹಾಗೆ. ಪ್ಲೇಟು ಕಡಿಮೆಯಾದರೆ ಗಾಡಿ ಮೆತ್ತಗಾಗುತ್ತದೆಂದು ಎರಡೂ ಬದಿಯಿಂದ ಎರಡೆರಡು ಬಿಚ್ಚಿದರು. ಮಾರನೇ ದಿನ ಮಿಲ್ಲಿನಲ್ಲಿ ಅಕ್ಕಿ ಹೇರಿದ್ದೇ ಗಾಡಿಯ ಹಿಂಭಾಗ ಕೋಳಿ ಕಾವಿಗೆ ಕುಳಿತ ಹಾಗೆ ಟಯರಿನ ಮೇಲೆ ಕುಳಿತುಬಿಟ್ಟಿತು. ಪಾಣೆಮಂಗಳೂರಿನ ಸೇತುವೆಯವರೆಗೂ ರಬ್ಬರು ಸುಟ್ಟ ವಾಸನೆ ಹೋಗಿತ್ತಂತೆ.

ನರಿಕೊಂಬಿನಿಂದ ಕಬ್ಬಿಣದ ಕೆಲಸದ ಆಚಾರಿ ಬಂದು ಗಾಡಿಯ ಅಡಿಗೆ ಬಗ್ಗಿ ನೋಡಿದರು.

“ಎಷ್ಟು ಪ್ಲೇಟು ತೆಗೆದ್ರಿ ಧಣಿ?”

“ಎರಡೆರಡು.”

“ಹಾಗಾದ್ರೆ ಚಕ್ರವೂ ಎರಡು ತೆಗೆದುಬಿಡಿ. ಹೇಗೂ ನೆಲಕ್ಕೆ ತಾಗಿಯೇ ಹೋಗುವುದಲ್ಲ.”

ಅವಮಾನವಾದರೆ ಇವರು ಅಲ್ಲಿಗೆ ನಿಲ್ಲುವ ಪೈಕಿಯಲ್ಲ. ತೆಗೆದ ಪ್ಲೇಟುಗಳನ್ನು ಹಾಕಿಸಿ, ಅದರ ಮೇಲೆ ಮೂಡಬಿದಿರೆಯ ಗುಜರಿ ಅಂಗಡಿಯಿಂದ ತಂದ ಒಂದೊಂದು ಪ್ಲೇಟನ್ನು ಹೆಚ್ಚಿಗೆಯೂ ಹಾಕಿಸಿದರು. ನಡುನಡುವೆ ಹಳೆಯ ಟಯರಿನ ತುಂಡು ತೂರಿಸಿದರು. “ಈಗ ನೋಡು ಮಾರಾಯ್ತಿ, ತೊಟ್ಟಿಲು!” ಎಂದರು. ತೊಟ್ಟಿಲಿನ ಹಿಂಭಾಗ ಮಾತ್ರ ಮುಂಭಾಗಕ್ಕಿಂತ ಅರ್ಧ ಮೊಳ ಮೇಲೆ ಇತ್ತು.

ಆಮೇಲೆ ಬ್ರೇಕು. ಅದರ ಒಳಗಿನ ಲೈನಿಂಗ್ ಸವೆದು ಹೋಗಿತ್ತು. ಮಿಲ್ಲಿನವರು ಎಸೆದ ಯಂತ್ರದ ದಪ್ಪ ಬೆಲ್ಟನ್ನು ಕತ್ತರಿಸಿ, ರಿವಿಟ್ಟು ಹೊಡೆದು ಇವರೇ ಕೂರಿಸಿದರು. ಬೆಲ್ಟು ಎಡಗಡೆಗೆ ಸಾಕಾಯಿತು, ಬಲಗಡೆಗೆ ಸಾಲಲಿಲ್ಲ. ಅಂದಿನಿಂದ ಬ್ರೇಕು ತುಳಿದರೆ ಗಾಡಿ ಎಡಕ್ಕೆ ಸರಿದು ನಿಲ್ಲುವುದು. “ಎಡಗಡೆಯಲ್ಲಿ ನಿಲ್ಲಿಸಬೇಕೆಂದು ಕಾನೂನೇ ಉಂಟಲ್ಲ,” ಎಂದು ಇವರ ಸಮಾಧಾನ. ಮಗಳನ್ನು ಕೂರಿಸುವ ಮೊದಲು ಬಲಗಡೆಯದ್ದೂ ಆಗದಿದ್ದರೆ ನಾನೇ ಗಾಡಿಯ ಮುಂದೆ ಮಲಗುತ್ತೇನೆ ಎಂದೆ. “ಎಡಕ್ಕೆ ಮಲಗಬೇಡ,” ಎಂದರು.

ಕಡೆಗೆ ಸೈಲೆನ್ಸರು. ಅದು ತುಕ್ಕು ಹಿಡಿದು ತೂತಾಗಿ, ಗಾಡಿ ಹೊರಟರೆ ಬೀದಿಯ ದನಗಳೆಲ್ಲ ಹಗ್ಗ ಕಡಿಯುತ್ತಿದ್ದವು. ಆ ಸದ್ದಿಗೆ ಹೊಟ್ಟೆಯ ಮಗು ಬೆಚ್ಚುತ್ತದೆಂದು ಬೀಗಿತ್ತಿ ಹೇಳುವ ಮೊದಲೇ ಸರಿ ಮಾಡಬೇಕಿತ್ತು. ಇವರು ನನ್ನ ತುಪ್ಪದ ಡಬ್ಬಿಗೆ ತೂತು ಹೊಡೆದು, ಒಳಗೆ ತೆಂಗಿನ ನಾರು ಗಿಡಿದು, ಕೊಳವೆಗೆ ತಂತಿಯಿಂದ ಬಿಗಿದರು. ನಿಜ ಹೇಳಬೇಕು, ಮೊದಲ ಎರಡು ಮೈಲಿ ಗಾಡಿ ಬೆಕ್ಕಿನ ಹಾಗೆ ಹೋಯಿತು. ಸಿದ್ಧಕಟ್ಟೆ ತಲುಪುವಾಗ ಹಿಂದಿನಿಂದ ಬಿಳಿ ಹೊಗೆ, ಜೊತೆಗೆ ತುಪ್ಪದ ಪರಿಮಳ. ಹೋಟೆಲಿನ ಮುಂದೆ ಕುಳಿತವರೊಬ್ಬರು, “ಯಾರ ಮನೆಯ ಹೋಮ ಹೊರಟದ್ದು ಮಾರಾಯ್ರೆ?” ಎಂದು ಕೇಳಿದರಂತೆ. ಇವರು ಹೋಟೆಲಿನವರ ನೀರಿನ ಹಂಡೆಯನ್ನು ಅದರ ಮೇಲೆ ಸುರಿದು, ಸೀದಾ ಮೂಡಬಿದಿರೆಯ ಅದೇ ಗುಜರಿಗೆ ಹೋಗಿ, ಮುರಿದ ಬಸ್ಸಿನ ಸೈಲೆನ್ಸರೊಂದನ್ನು ತಂದು ಕಟ್ಟಿಸಿದರು. ಕಿವಿ ಒಡೆಯುವ ಸದ್ದು ನಿಂತಿತು. ಈಗ ಗಾಡಿ ಗಂಭೀರವಾಗಿ, ಸರ್ವಿಸ್ ಬಸ್ಸಿನ ದನಿಯಲ್ಲಿ ಗೊರಗುಟ್ಟುತ್ತಿತ್ತು.

ಇಷ್ಟಾಗಿ, ಮೊದಲೇ ಹೇಳಿದ ಆ ದಿನ ಹಾಸಿಗೆ ಹಾಸಿಕೊಂಡು ಬೆಳ್ತಂಗಡಿಗೆ ಹೋದೆವು. ಹಾಸಿಗೆ ಇದ್ದೂ ಹೋಗುವಾಗಲೇ ನನ್ನ ಸೊಂಟಕ್ಕೆ ವಿಷಯ ಗೊತ್ತಾಗಿತ್ತು. ಹೇಳಲು ಧೈರ್ಯ ಬರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಬೀಗಿತ್ತಿ ಗಾಡಿ ಹತ್ತಿದರು. ಬಂಟ್ವಾಳದವರೆಗೆ ಬಂದು, ಒಂದು ರಾತ್ರಿ ಉಳಿದು, ಬೆಳಗ್ಗಿನ ಬಸ್ಸಿಗೆ ಹಿಂದಿರುಗುವುದೆಂದು ಮಾತು. ಇವರು ಸ್ಟಿಯರಿಂಗಿನಲ್ಲಿ, ನಾನು ನಡುವೆ, ಬೀಗಿತ್ತಿ ಕಿಟಕಿಯ ಬದಿ, ಅವರ ಮಡಿಲಲ್ಲಿ ಎಲೆಪೆಟ್ಟಿಗೆ. ಮಗಳು ಗೇಟಿನಲ್ಲಿ ನಿಂತು ನನ್ನನ್ನೇ ನೋಡಿದಳು.

ಪೇಟೆ ದಾಟಿದ್ದೇ ಬೀಗಿತ್ತಿ ಎಲೆ ತೆಗೆದರು. ಬೆರಳಿಗೆ ಸುಣ್ಣ ತೆಗೆದುಕೊಂಡರು. ಗಾಡಿ ಹಾರಿತು. ಸುಣ್ಣ ನನ್ನ ಕಿವಿಗೆ ಹತ್ತಿತು.

“ರಸ್ತೆಯ ತಪ್ಪು ಅಕ್ಕ,” ಎಂದರು ಇವರು.

“ರಸ್ತೆ ನಮ್ಮ ಊರಿನದ್ದು. ಅದರ ಸುದ್ದಿ ಬೇಡ.”

ಗುರುವಾಯನಕೆರೆಯಲ್ಲಿ ಎರಡನೇ ಎಲೆ. ಸುಣ್ಣ ಅವರದೇ ಮೂಗಿನ ತುದಿಗೆ. ಅಡಿಕೆಯ ಹೋಳು ನನ್ನ ತಲೆಯ ಮೇಲಿನಿಂದ ಹಾರಿ ಇವರ ಅಂಗಿಯ ಜೇಬಿಗೆ ಬಿತ್ತು. ಬೀಗಿತ್ತಿ ಮೂಗು ಒರೆಸಿಕೊಳ್ಳದೆ ಹಾಗೆಯೇ ಕುಳಿತರು, ಸಾಕ್ಷಿ ಉಳಿಯಲಿ ಎಂಬಂತೆ. ನಾನು ಮನಸ್ಸಿನಲ್ಲೇ ಅಟ್ಟದ ಗಂಟು ಬಿಚ್ಚಿ ಸೀರೆಗಳನ್ನು ನೆಲ ಒರೆಸಲು ಹಾಕಿದೆ.

ಮಡಂತ್ಯಾರಿನಲ್ಲಿ ತಿರುವಿನ ಆಚೆ ಏಳೆಂಟು ಜನ ಬಸ್ಸಿಗೆ ಕಾಯುತ್ತಿದ್ದರು. ನಮ್ಮ ಸದ್ದು ಕೇಳಿದ್ದೇ ಎಲ್ಲರೂ ಗಂಟುಮೂಟೆ ಎತ್ತಿಕೊಂಡು ರಸ್ತೆಗೆ ಇಳಿದರು. ಇವರು ಗಾಬರಿಯಿಂದ ಬ್ರೇಕು ತುಳಿದರು. ಗಾಡಿ ಎಡಕ್ಕೆ ಸರಿದು, ಕಾಯುತ್ತಿದ್ದವರ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ, ಬಸ್ಸಿಗಿಂತ ಚೆನ್ನಾಗಿ ನಿಂತಿತು. ಒಣಮೀನಿನ ಬುಟ್ಟಿಯ ಹೆಂಗಸೊಬ್ಬಳು ಆಗಲೇ ಹಿಂದೆ ಹತ್ತಿ ಕುಳಿತಿದ್ದಳು.

“ಇದು ಬಸ್ಸಲ್ಲ ಮಾರಾಯ್ತಿ!”

“ಗೊತ್ತಾಯ್ತು ಧಣಿ. ಬಸ್ಸಿನಲ್ಲಿ ಇಷ್ಟು ಜಾಗ ಎಲ್ಲಿ ಉಂಟು?”

ಇಳಿಸಲು ಇವರು ಬಾಗಿಲು ತೆರೆದರು. ಬೀಗಿತ್ತಿ ತಡೆದರು. “ಇರಲಿ ಬಿಡಿ, ಪಾಪ. ಬಿಸಿಲು ಉಂಟು.” ಅಷ್ಟು ಕೇಳಿದ್ದೇ ಉಳಿದವರೂ ಹಿಂದೆ ಹತ್ತಿದರು.

ಪುಂಜಾಲಕಟ್ಟೆಯಲ್ಲಿ ಹಾಗೆಯೇ ಆರು ಮಂದಿ, ಎರಡು ಬೆಲ್ಲದ ಮೂಟೆ, ಒಂದು ಹುಂಜ. ಅಲ್ಲಿಂದ ಹೊರಟಾಗ ನನಗೆ ಏನೋ ಬದಲಾದ ಹಾಗೆ ಅನಿಸಿತು. ನನ್ನ ಹಲ್ಲುಗಳು ಒಂದಕ್ಕೊಂದು ತಾಗುವುದು ನಿಂತಿತ್ತು. ಗಾಡಿಯ ಹಿಂಭಾಗ ಇಳಿದು, ಹೊಂಡ ಬಂದರೆ ಹಾರುವ ಬದಲು ದೋಣಿಯ ಹಾಗೆ ಬಾಗಿ ಏಳುತ್ತಿತ್ತು. ವಗ್ಗ ಸಮೀಪಿಸುವಾಗ ಬೀಗಿತ್ತಿ ಮೂರನೇ ಎಲೆ ತೆಗೆದು, ಸೆರಗಿನಲ್ಲಿ ಒರೆಸಿ, ತೊಟ್ಟು ಚಿವುಟಿದರು. ಬೆರಳಿಗೆ ಸುಣ್ಣ ತೆಗೆದರು. ಎಲೆಯ ಬುಡದಿಂದ ತುದಿಯವರೆಗೆ, ಗೋಡೆಗೆ ಬಳಿದ ಹಾಗೆ, ಒಂದೇ ಸಮ ಹಚ್ಚಿದರು. ಅಡಿಕೆ ಇಟ್ಟು, ಮಡಚಿ, ಬಾಯಿಗೆ ಹಾಕಿಕೊಂಡರು. ಆಮೇಲೆ ಮೂಗಿನ ಸುಣ್ಣ ಒರೆಸಿದರು.

“ಸ್ಪ್ರಿಂಗ್ ಪಳಗಿತು ಅಕ್ಕ,” ಎಂದರು ಇವರು. “ಹೊಸತಲ್ಲವಾ, ಸ್ವಲ್ಪ ಓಡಬೇಕು.”

ಬಂಟ್ವಾಳ ಪೇಟೆಯಲ್ಲಿ ಜನರೆಲ್ಲ ಇಳಿದುಹೋದರು. ಅಲ್ಲಿಂದ ಮನೆಗೆ ಎರಡು ಫರ್ಲಾಂಗು. ಅಷ್ಟರಲ್ಲಿ ಎಲೆಪೆಟ್ಟಿಗೆಯ ಮುಚ್ಚಳ ಮೂರು ಸಲ ಹಾರಿತು. ಬೀಗಿತ್ತಿ ಮುಚ್ಚಳವನ್ನು ಒತ್ತಿ ಹಿಡಿದು ನನ್ನನ್ನು ನೋಡಿದರು. ನಾನು ಎದುರಿನ ರಸ್ತೆ ನೋಡಿದೆ.

ಸಂಜೆ ಇವರು ಜಗಲಿಯಲ್ಲಿ ಪಕ್ಕದ ಮನೆಯವರಿಗೆ ಪ್ಲೇಟುಗಳ ಮಹಿಮೆ ವಿವರಿಸುತ್ತಿದ್ದರು. ಬೀಗಿತ್ತಿ ಅಡಿಗೆಕೋಣೆಯಲ್ಲಿ ನನ್ನ ಪಕ್ಕ ಕುಳಿತು ಬೆಳ್ಳುಳ್ಳಿ ಸುಲಿದರು.

“ಸ್ಪ್ರಿಂಗ್ ಅಲ್ಲ ಅಕ್ಕ,” ಎಂದರು ಮೆಲ್ಲಗೆ. “ಭಾರ.”

“ಗೊತ್ತಾಯ್ತು,” ಎಂದೆ.

“ಮಾತು ಮಾತೇ. ಸುಣ್ಣ ಹಚ್ಚಿದ್ದೇನೆ, ಸೊಸೆಯನ್ನು ಕಳಿಸ್ತೇನೆ. ಆದ್ರೆ ಕರೆಯಲಿಕ್ಕೆ ಬರುವಾಗ ಐದು ಜನ ಹೆಂಗಸರು ಸಾಕಾಗುವುದಿಲ್ಲ. ಒಂಬತ್ತು ಜನ ಬನ್ನಿ, ತೋರ ಮೈಯವರನ್ನೇ ಕರ್ಕೊಂಡು ಬನ್ನಿ. ಹಿಂದೆ ಆರು ಮೂಟೆ ಅಕ್ಕಿಯೂ ಇರಲಿ. ಅದನ್ನು ನಮ್ಮಲ್ಲಿ ಇಳಿಸಬೇಡಿ, ತಿರುಗಿ ತನ್ನಿ. ಬಲಗಡೆ ಬ್ರೇಕು ಆ ಆಚಾರಿಯ ಕೈಯಲ್ಲೇ ಮಾಡಿಸಿ.”

“ಇವರಿಗೆ ಹೇಳುವುದಾ, ಭಾರದ ವಿಷಯ?”

“ಯಾಕೆ ಅಕ್ಕ? ಅಷ್ಟು ಕಷ್ಟಪಟ್ಟಿದ್ದಾರೆ. ಸ್ಪ್ರಿಂಗಿನ ಸಂತೋಷ ಅವರಿಗಿರಲಿ.”

ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಮತ್ತೆ ಒಣಮೀನಿನ ಚಟ್ನಿ. ಮೀನು ಬುಟ್ಟಿಯ ಹೆಂಗಸು ಇಳಿಯುವಾಗ ಟಿಕೇಟಿನ ಬದಲು ಕೊಟ್ಟದ್ದು. ಬೀಗಿತ್ತಿ ಎರಡು ಸಲ ಹಾಕಿಸಿಕೊಂಡರು. ಬಾಣಂತಿಗೂ ಇದನ್ನೇ ಕೊಡುತ್ತೀರಾ ಎಂದು ಕೇಳಿದರು. ನಾನು ಇನ್ನಷ್ಟು ಗಂಜಿ ಬಡಿಸಿದೆ. ಮೊದಲು ನಿದ್ದೆ ಹೋದವರು ಇವರು, ಹೆಚ್ಚಿಗೆಯ ಪ್ಲೇಟನ್ನು ಎಲ್ಲಿ ಕೂರಿಸಿದ್ದೆಂದು ಬೀಗಿತ್ತಿಗೆ ಹೇಳುತ್ತ ಹೇಳುತ್ತ, ಗೋಡೆಗೆ ಒರಗಿದಲ್ಲಿಯೇ. ಆಮೇಲೆ ಬೀಗಿತ್ತಿ, ಪಿಕಪ್ಪಿನಿಂದ ತಂದು ಬಿಡಿಸಿ ಹಾಸಿದ ಅದೇ ಹಾಸಿಗೆಯ ಮೇಲೆ. ನಾನು ಅಟ್ಟ ಹತ್ತಿ, ಸೀರೆಯ ಗಂಟನ್ನು ಕೆಳಗಿಳಿಸಿ ತಲೆದೆಸೆಯಲ್ಲಿಟ್ಟು ಮಲಗಿದೆ.