ಕ್ರಿಯಾಪದದ ಟೀಚರ್

ಥಾಯ್ಲೆಂಡಿನ ಲಂಪಾಂಗ್ ಊರಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ವಿಲಾವನ್ ಟೀಚರ್, ತಪ್ಪು ಕ್ರಿಯಾಪದ ಕಿವಿಗೆ ಬಿದ್ದರೆ ಹಾವು ತುಳಿದವರ ಹಾಗೆ ಬೆಚ್ಚಿಬೀಳುತ್ತಾರೆ. ಅದೇ ಶಾಲೆಗೆ ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದ ದಾರಿಕಾ ಮೊದಲ ದಿನವೇ "ಯಸ್ಟರ್‌ಡೇ ಐ ಕಮ್" ಎಂದು ಸಿಕ್ಕಿಬಿದ್ದಳು. "ನಿನ್ನೆ ಹೊರಟೋಳು ಇನ್ನೂ ಬರ್ತಾನೇ ಇದ್ದೀಯಲ್ಲಮ್ಮಾ, ಬಂದು ತಲುಪೋದು ಯಾವಾಗ?" ಎಂದರು ಟೀಚರ್. ನಮ್ಮ ಥಾಯ್ ಮಾತಿನಲ್ಲಿ ಕ್ರಿಯಾಪದ ನಿನ್ನೆಗೂ ನಾಳೆಗೂ ಒಂದೇ ಅಂಗಿ ತೊಟ್ಟಿರುತ್ತದೆ, ಇಂಗ್ಲಿಷಿನದು ಹೊತ್ತಿಗೊಂದು ವೇಷ ಹಾಕುತ್ತದೆ ಎಂದು ಅವರು ಸದಾ ಎಚ್ಚರಿಸುತ್ತಾರೆ. ಸಂತೆಯಲ್ಲಿ ಪ್ರವಾಸಿಗರಿಗೆ ಮಾವಿನಹಣ್ಣು ಮಾರುವವಳನ್ನು ತಿದ್ದುತ್ತಾರೆ, ಪ್ರವಾಸಿಗರನ್ನೂ ಬಿಡುವುದಿಲ್ಲ. ಜ್ವರ ಬಂದಾಗಲೂ ಡಾಕ್ಟರ ಇಂಗ್ಲಿಷನ್ನು ತಿದ್ದಿದ ಮೇಲೆಯೇ ನಾಲಿಗೆ ಚಾಚಿದರಂತೆ. ಇಂಥವರು ಗುರುವಂದನೆಯ ದಿನ, ಮಕ್ಕಳು ಮಂಡಿಯೂರಿ ಕೊಟ್ಟ ಗರಿಕೆ, ಬದನೆಹೂವು, ಕೇಪಳದ ತಟ್ಟೆಗಳಲ್ಲಿ ಚೆಂದದ್ದೊಂದನ್ನು ಆರಿಸಿಕೊಂಡು, ದಾರಿಕಾಳನ್ನೂ ಕರೆದುಕೊಂಡು ತಮಗೆ ಇಂಗ್ಲಿಷ್ ಕಲಿಸಿದ ಬುಪ್ಫಾ ಟೀಚರ ಮನೆಗೆ ಹೋದರು. ಮುದುಕಿಗೆ ಮರೆವಿನ ಕಾಯಿಲೆ. ಹೆತ್ತ ಮಗನ ಹೆಸರೂ ನೆನಪಿಲ್ಲದೆ ಗೋಡೆ ನೋಡುತ್ತ ಕೂತಿದ್ದರು. ವಿಲಾವನ್ ಮಂಡಿಯೂರಿ, ತಟ್ಟೆಯನ್ನು ಅವರ ಮುಂದಿಟ್ಟು, ಗಟ್ಟಿಯಾಗಿ "ಟೀಚರ್, ಯಸ್ಟರ್‌ಡೇ ಐ ಕಮ್" ಎಂದರು. ದಾರಿಕಾಳಿಗೆ ಭಿಕ್ಷುವೇ ಚಪ್ಪಲಿ ಮೆಟ್ಟಿ ಬುದ್ಧನ ಗುಡಿಯೊಳಗೆ ಬಂದಷ್ಟು ಗಾಬರಿಯಾಯಿತು. ಮುದುಕಿ ತಟ್ಟನೆ ಇತ್ತ ತಿರುಗಿ, ತಾಳೆಗರಿಯ ಬೀಸಣಿಗೆಯಿಂದ ಶಿಷ್ಯೆಯ ಕೈಗೊಂದು ಬಾರಿಸಿದರು. "ಕೇಮ್. ಎಷ್ಟು ಸಲ ಹೇಳ್ಬೇಕೇ ನಿಂಗೆ, ವಿಲಾವನ್?"